ಅಮಾಸಿಯ ಕಷಾಯದಲ್ಲಿ ನಿಮ್ಮ ಪಾಲು

ಬೀಜಾಡಿ
ಜುಲೈ ೧೭, ೨೦೨೫, ಗುರುವಾರ

ಧನ್ಯಶ್ರೀಯ ಅಪ್ಪ ಶ್ರೀ ರವಿಚಂದ್ರ ಅವರಿಗೆ,

ನಾನು ಕ್ಷೇಮ. ನೀವೂ ಕ್ಷೇಮವಾಗಿರಿ, ಈ ಪತ್ರ ಓದಿ ಮುಗಿಯುವ ತನಕವಾದರೂ. ನಿಮ್ಮ ಸೊಂಟನೋವು ಹೇಗಿದೆ? ಬೋಟುಗಳೆಲ್ಲ ದಡದಲ್ಲಿರುವ ಈ ಎರಡು ತಿಂಗಳು ಮೀನು ವ್ಯಾಪಾರಿಯ ಸೊಂಟಕ್ಕೂ ರಜೆ ಅಂದುಕೊಂಡಿದ್ದೇನೆ. ಕಿರಿಮಂಜೇಶ್ವರದಲ್ಲಿ ನಿಮ್ಮ ಅಮ್ಮ, ಜಲಜತ್ತೆಯ ಮೊಣಕಾಲು ಮಳೆಗೆ ಹೇಗಿದೆ ಎಂದೂ ಕೇಳಿದೆ ಎನ್ನಿ. ನನ್ನ ಜಗಳ ನಿಮ್ಮ ಮನೆಯ ನಾಲಗೆಗಳ ಜೊತೆ, ಮೊಣಕಾಲುಗಳ ಜೊತೆ ಅಲ್ಲ.

ಮೇಲೆ ನಿಮ್ಮ ಹೆಸರು ಬರೆದದ್ದು ಗಮನಿಸಿದಿರಾ? ಮದುವೆಯಾಗಿದ್ದಷ್ಟು ವರ್ಷ ‘ಹ್ವಾಯ್’ ಅಂದೇ ಕರೆದೆ. ಗಂಡನ ಹೆಸರು ಹೇಳಿದರೆ ಜಲಜತ್ತೆಯ ಮುಖ ಒಣಮೀನಿನ ಹಾಗೆ ಮುದುಡುತ್ತಿತ್ತು. ವಿಚ್ಛೇದನದಿಂದ ನನಗಾದ ಮೊದಲ ಲಾಭ ಈ ಹೆಸರು: ಈಗ ಬಾಯ್ತುಂಬ ಹೇಳುತ್ತೇನೆ, ಕೆಲವೊಮ್ಮೆ ಹಿಂದೆ ಮುಂದೆ ವಿಶೇಷಣ ಸೇರಿಸಿಯೂ ಹೇಳುತ್ತೇನೆ. ರವಿಯೂ ಚಂದ್ರನೂ ಒಂದೇ ಕಡೆ ಸೇರಿದರೆ ಅಮಾವಾಸ್ಯೆ ಎಂದು ಶಾಲೆಯಲ್ಲೇ ಕಲಿತಿದ್ದೆ. ಮದುವೆಯ ಕಾಗದ ಅಚ್ಚಾಗುವಾಗ ಮಾತ್ರ ಅದು ಹೊಳೆಯಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಮುಂದಿನ ಶನಿವಾರ ಆಪ್ತಸಮಾಲೋಚಕಿ ಮೇಡಂ ಎದುರು ನಾವಿಬ್ಬರೂ ಕೂರಬೇಕು. ಗಂಡ ಹೆಂಡತಿಯಾಗಿ ಬೇರೆಯಾದರೂ ಅಪ್ಪ ಅಮ್ಮನಾಗಿ ಒಂದೇ ಗುರಿ ಇಟ್ಟುಕೊಳ್ಳಿ, ಮಗಳಿಗೆ ಏನೇನು ಆಗಬೇಕು ಎಂದು ಇಬ್ಬರೂ ಮಾತಾಡಿಕೊಂಡು ಬನ್ನಿ ಎಂದಿದ್ದಾರೆ. ನೀವು ನನಗೆ ಧ್ವನಿ ಸಂದೇಶ ಕಳಿಸಿದಿರಿ: “ಮಗು ಖುಷಿಯಂಗ್ ಇರ್ಕ್, ಬೇರೆ ಎಂತದೂ ಬ್ಯಾಡ.” ಹಿನ್ನೆಲೆಯಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿತ್ತು. ಎಷ್ಟು ದೊಡ್ಡ ಮನಸ್ಸು ಮಾರಾಯ್ರೆ! ಖುಷಿ ಪಡಿಸುವ ಖಾತೆ ನಿಮಗೆ, ತಲೆಯ ಹೇನು ತೆಗೆಯುವ ಖಾತೆ ನನಗೆ. ಐಸ್‌ಕ್ರೀಮ್ ನೀವು ಕೊಡಿಸುತ್ತೀರಿ, ಹಲ್ಲಿನ ಡಾಕ್ಟರ ಹತ್ತಿರ ಅವಳ ಕಾಲು ಹಿಡಿದು ಕೂರುವವಳು ನಾನು. ನಿಮ್ಮ ಮನೆಯ ಫೋನಿಗೆ ಬೀಗವಿಲ್ಲ, ನನ್ನ ಮನೆಯ ಮಗ್ಗಿಗೆ ರಜೆ ಇಲ್ಲ. ಸಿಹಿ ನಿಮ್ಮದು, ಕಹಿ ನನ್ನದು, ಸಹಿ ಮಾತ್ರ ಇಬ್ಬರದ್ದು! ಇದಕ್ಕೆ ಸಮಪಾಲು ಅಂತ ಹೆಸರು.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಕಳೆದ ವರ್ಷದ ಆಸಾಡಿ ಅಮಾಸಿಯನ್ನು ನೀವು ಮೇಡಂ ಎದುರು ಎತ್ತಿದಿರಿ ನೋಡಿ, ಅಲ್ಲಿಗೆ ನನ್ನ ತಾಳ್ಮೆಯ ಹಗ್ಗ ಹರಿಯಿತು. ಅವತ್ತು ಭಾನುವಾರ, ಮಗಳು ನಿಮ್ಮಲ್ಲಿಗೆ ಹೋಗುವ ದಿನ. ಸೂರ್ಯ ಹುಟ್ಟುವ ಮೊದಲು ನನ್ನ ಅಪ್ಪಯ್ಯ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದಲೇ ಕುಟ್ಟಿ ತಂದು, ನಾನು ಅರೆದು, ಓಮ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಆ ದಿನ ಊರಿಗೆ ಊರೇ ಕುಡಿಯುವ ಕಹಿ ಕಷಾಯವನ್ನು ಖಾಲಿ ಹೊಟ್ಟೆಗೆ ಮಗುವಿಗೂ ಕುಡಿಸಿದೆ. ಕುಡಿಯಿತು, ಮುಖ ಸಿಂಡರಿಸಿತು, ಬೆಲ್ಲ ತಿಂದು ನಕ್ಕಿತು. ನಗುತ್ತಲೇ ನಿಮ್ಮ ಬೈಕ್ ಹತ್ತಿತು. ದಾರಿಯಲ್ಲಿ ಹೆಮ್ಮಾಡಿಯಲ್ಲಿ ನಿಲ್ಲಿಸಿ ಆ ಹೊಟ್ಟೆಗೆ ಎಣ್ಣೆಯಲ್ಲಿ ಕರಿದ ಗೋಳಿಬಜೆ ತುಂಬಿಸಿದವರು ನೀವು. ನಿಮ್ಮ ಮನೆಯಂಗಳದಲ್ಲಿ ಮಗು ವಾಂತಿ ಮಾಡಿ ಸುಸ್ತಾಗಿ ಬಿದ್ದಾಗ ಫೋನಿನಲ್ಲಿ ಕೂಗಿದ್ದು ಮಾತ್ರ ನನ್ನ ಮೇಲೆ: “ಹೆಣ್ಣಿಗ್ ಎಂತ ಕುಡ್ಸಿ ಕಳ್ಸಿದ್ದೆ ನೀನ್?” ಅಮಾಸಿಯ ದಿನ ಪಾಯಸ ಕುಡಿಸುತ್ತಾರೆಯೇ? ಅದನ್ನೇ ಒಂದು ವರ್ಷ ಉಪ್ಪು ಹಾಕಿ ಒಣಗಿಸಿ ಇಟ್ಟುಕೊಂಡು, ಮೊನ್ನೆ ಮೇಡಂ ಮುಂದೆ ಹರವಿದಿರಿ. ತಾಯಿಯ ಮನೆಯಲ್ಲಿ ಕಂಡಕಂಡ ಮರದ ತೊಗಟೆ ಕುಡಿಸುತ್ತಾರೆ, ಆದ್ದರಿಂದ ಭಾನುವಾರದ ಜೊತೆ ಪ್ರತಿ ಶನಿವಾರವೂ ಮಗು ನಿಮಗೇ ಬೇಕಂತೆ.

ನನ್ನ ಉತ್ತರ ಕೇಳಿ. ಶನಿವಾರ ಸಿಗುವುದಿಲ್ಲ. ಇರುವ ಭಾನುವಾರವೂ ಹೋಗುತ್ತದೆ. ಪಂಚಾಂಗದಲ್ಲಿ ರವಿವಾರ ಎಂದು ಬರೆದಿದೆ ಎಂದು ಅದು ರವಿಯ ಆಸ್ತಿಯಾಗುವುದಿಲ್ಲ. ಖಾಲಿ ಹೊಟ್ಟೆಯ ಮಗುವಿಗೆ ಗೋಳಿಬಜೆ ತಿನ್ನಿಸಿದ ಅಪ್ಪನಿಗೆ ತಿಂಗಳಿಗೊಂದು ಭಾನುವಾರ ಧಾರಾಳವಾಯಿತು ಎಂದು ಮೇಡಂಗೆ ಹೇಳುವವಳಿದ್ದೇನೆ. ಆ ಒಂದು ಭಾನುವಾರದಲ್ಲೂ ಏಳರ ಮಗ್ಗಿ, ಹೇನಿನ ಬಾಚಣಿಗೆ ಮತ್ತು ಹಾಗಲಕಾಯಿ ಪಲ್ಯ ನಿಮ್ಮ ಪಾಲಿಗೆ. ಪಾಲಕ ಅಂದರೆ ಪಾಲು ಕೇಳುವವನಲ್ಲ, ಪಾಲಿಸುವವನು ಎಂದು ನಿಮಗೆ ಕಲಿಸುವುದೇ ಸದ್ಯ ನನ್ನ ಗುರಿ. ಮಗಳು ನಿಮ್ಮನ್ನು ಕಂಡು ಮುಖ ಸಿಂಡರಿಸುವುದನ್ನು ನಾನು ಬೆಲ್ಲದ ಡಬ್ಬಿ ಹಿಡಿದು ನೋಡಬೇಕು. ಅಷ್ಟು ಕಂಡರೆ ನನ್ನ ಜನ್ಮ ಸಾರ್ಥಕ.

ಜಲಜತ್ತೆಗೆ ನಮಸ್ಕಾರ ತಿಳಿಸಿ. ನಿಮಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ, ಬೇಗ ಕೊಡಲಿ, ಶನಿವಾರದ ಒಳಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಈಗ ಯಾರ ಹೆಂಡತಿಯೂ ಅಲ್ಲದ,
ಅಮಿತಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾದರೆ ಓದಿಕೊಳ್ಳಿ. ಧನ್ಯಶ್ರೀ ಈಗಷ್ಟೇ ಕ್ಯಾಲೆಂಡರ್ ನೋಡಿ ಬಂದು ಕೇಳಿದಳು: “ಅಮ್ಮಾ, ಈ ಸಲ ಅಮಾಸಿ ಗುರ್‍ವಾರ ಅಲ್ದಾ? ಹಂಗಾರೆ ಒಂದೇ ಸಲ ಕುಡ್ದ್ರೆ ಸಾಕಲ್ದಾ?” ಎಂತ ಒಂದೇ ಸಲ ಎಂದೆ. ಅವತ್ತು ನಿಮ್ಮ ಅಡುಗೆಮನೆಯಲ್ಲಿ ಜಲಜತ್ತೆಯೂ ಒಂದು ಲೋಟ ಕಷಾಯ ಕೊಟ್ಟರಂತೆ. ಕುಡಿದು ಬಂದಿದ್ದೀಯಾ ಎಂದು ಅವರು ಕೇಳಿದಾಗ ಇವಳು ಇಲ್ಲ ಅಂದಳಂತೆ. “ಅಜ್ಜಿ ಕಾಲ್ ನೋವಂಗೂ ಮಳಿಯಗ್ ಹೋಯಿ ತೊಗಟೆ ತಂದಿದ್ರ್. ಕುಡ್ದಾಯ್ತ್ ಅಂದ್ರೆ ಅವ್ರಿಗ್ ಬೇಜಾರ್. ನಿಂಗ್ ಹೇಳಿರೆ ನಿಂಗ್ ಸಿಟ್ಟ್. ಅದ್ಕೆ ಎರಡೂ ಕುಡ್ದೆ.” ಭಾನುವಾರ ಸಂಜೆ ನಿಮ್ಮಲ್ಲಿ ಹೊಟ್ಟೆ ತುಂಬ ಉಂಡು ಬಂದು, ಹಸಿವು ಎಂದು ನನ್ನ ಮುಂದೆ ಮತ್ತೆ ಉಣ್ಣುವುದೂ ಹೀಗೆಯೇ ಅಂತೆ. ಒಂಬತ್ತು ವರ್ಷ ಅವಳಿಗೆ, ರವಿಚಂದ್ರ.

ಭಾನುವಾರ ನಿಮ್ಮದೇ ಇರಲಿ. ಶನಿವಾರ ಮೇಡಂಗೆ ಹೇಳುವ ಗುರಿ ಒಂದೇ ಸಾಕು: ನಮ್ಮ ಮಗಳು ಇನ್ನು ಯಾವುದನ್ನೂ ಎರಡು ಸಲ ನುಂಗಬಾರದು. ಬರುವ ಗುರುವಾರ ಬೆಳಕು ಹರಿಯುವಾಗ ಜಲಜತ್ತೆಯ ಕೈಯ ಕಷಾಯ ತೆಗೆದುಕೊಂಡು ನೀವೇ ಬೀಜಾಡಿಗೆ ಬನ್ನಿ. ಈ ವರ್ಷ ನಾನು ಅರೆಯುವುದಿಲ್ಲ. ಅವಳಿಗೆ ಒಂದೇ ಗುಟುಕು, ಉಳಿದದ್ದು ನಾವಿಬ್ಬರೂ ಅವಳ ಎದುರೇ ಕುಡಿಯೋಣ. ಸೇಡು ಬಿಟ್ಟೆ ಎಂದುಕೊಳ್ಳಬೇಡಿ. ದೊಡ್ಡ ಲೋಟ ನಿಮಗೆ ತೆಗೆದಿಟ್ಟಿದ್ದೇನೆ, ಮೊದಲು ಕುಡಿಯಬೇಕಾದವರೂ ನೀವೇ. ಬೆಲ್ಲದ ಡಬ್ಬಿ ಧನ್ಯಶ್ರೀಯ ಕೈಯಲ್ಲಿರುತ್ತದೆ. ಯಾರಿಗೆ ಮೊದಲು ಕೊಡುತ್ತೀ ಎಂದು ನೀವು ಅವಳನ್ನು ಕೇಳಬಾರದು. ನಾನೂ ಕೇಳುವುದಿಲ್ಲ.