ಏಳು ಚೂರು ಚಿನ್ನ, ಒಂದು ಗುಡ್ಡದ ಬೆಲೆ

ಕೆಂಗುಡ್ಡದ ತಪ್ಪಲು,
2391ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕನೇ ದಿನ

ನಾನು ಎಂದೂ ಕಾಣದ ಹಿರಿಯರಿಗೆ ನಮಸ್ಕಾರ.

ತಾರೀಖು ತಪ್ಪಲ್ಲ. ಬೇಸಿಗೆ ಹಿಗ್ಗಿದೆ, ಅದಕ್ಕೆ ಉಳಿದ ತಿಂಗಳುಗಳಿಂದ ದಿನ ಕಡಿದು ಇನ್ನೊಂದು ತಿಂಗಳು ಮಾಡಿಕೊಂಡಿದ್ದೇವೆ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ.

ನಮ್ಮಲ್ಲಿ ಊಹೆಪಾಲು ಎಂಬುದಿದೆ. ಇನ್ನೂ ಅಗೆಯದ ಗುಡ್ಡದಲ್ಲಿ ಇರಬಹುದಾದ ಚಿನ್ನದ ಪಾಲು ಅದು. ಯಾರೂ ಅಗೆಯುವುದಿಲ್ಲ, ಕೈಯಿಂದ ಕೈಗೆ ಮಾರುತ್ತಾರೆ. ದೂರದೂರಿನ ಕೊಳ್ಳುವವರು ಗೋಡೆಯ ಮೇಲೆ ನೆರಳಾಗಿ ಬಂದು ಬೆಲೆ ಕೂಗುವುದಕ್ಕೆ ನೆರಳುಸಭೆ ಎನ್ನುತ್ತೇವೆ. ಮಧ್ಯಾಹ್ನ ಬೀದಿಯ ಮೇಲೆ ತಂಪುಬಟ್ಟೆ ಎಳೆದು, ಅಂಬಲಿ ಕುಡಿದು, ಊರವರೂ ಆ ಗೋಡೆಯ ಮುಂದೆ ಕೂರುತ್ತಾರೆ. ಈ ವರ್ಷ ಕೆಂಗುಡ್ಡದ ಒಡೆಯರು ನಮ್ಮೂರವರಿಗೆ, ಕೆರೆಯ ನೀರಿನ ಹಕ್ಕು ಬಿಟ್ಟುಕೊಟ್ಟು ಗುಡ್ಡದ ಅರ್ಧ ಪಾಲು ತೆಗೆದುಕೊಳ್ಳಿ ಎಂದರು. ನಮಗಿರುವುದು ಅದೊಂದೇ ಕೆರೆ.

ಗುಡ್ಡದಲ್ಲಿ ಚಿನ್ನ ಉಂಟೋ ಎಂದು ನೋಡಲು ಊರವರು ಮರಳಿನ ಪರೀಕ್ಷೆಯನ್ನು ನನಗೆ ಒಪ್ಪಿಸಿದರು. ನಮ್ಮದು ಜಾಲಗಾರರ ಮನೆ, ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವವರು. ಗುಡ್ಡದ ಮೇಲಿನ ಹಳ್ಳ ಬತ್ತಿತ್ತು. ನೀರಿದ್ದ ಕಡೆ, ಕೆಳಗಿನ ತಿರುವಿನಲ್ಲಿ ಕೂತು ತೊಳೆದೆ. ಏಳು ಚೂರು ಸಿಕ್ಕವು. ಮರುದಿನವೇ ಪಾಲಿನ ಬೆಲೆ ಐದು ಪಟ್ಟಾಯಿತು.

ಕೆರೆ ಕೊಡುವುದೋ ಬೇಡವೋ ಎಂದು ಸಭೆಯಲ್ಲಿ ವಾದ ಹತ್ತಿತು. ಆಗಲೇ ಬಹಳ ಪಾಲು ಕೊಂಡಿದ್ದ ಪಂಪಣ್ಣ, ಕಂಡದ್ದು ಏಳಾದರೆ ಕಾಣದ್ದು ಏಳು ಸಾವಿರ ಎಂದ. ಕೆರೆ ಕಾಯುವ ಸಂಗವ್ವ ಒಪ್ಪಲಿಲ್ಲ.

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಾಕತ್ತೀಯಲ್ಲೋ ಪಂಪಣ್ಣ, ಬಸುರಿ ಯಾರು ಅಂತನಾದ್ರೂ ಹೇಳು" ಎಂದಳು. ಗೋಡೆಯ ನೆರಳುಗಳೂ ನಕ್ಕವು. ಆದರೂ ಹೆಚ್ಚಿನವರು ಪಂಪಣ್ಣನ ಕಡೆಗೇ ವಾಲಿದರು.

ಸಭೆ ಮುಗಿದ ಮೇಲೆ ಚೂರುಗಳನ್ನು ಅಜ್ಜಿಯ ಅಂಗೈಗೆ ಹಾಕಿದೆ. ಹಳ್ಳದ ಚಿನ್ನ ಉರುಳಿ ಉರುಳಿ ನುಣ್ಣಗಾಗಿರುತ್ತದೆ. ಇವಕ್ಕೆ ಅಕ್ಕಸಾಲಿಗನ ಉಳಿ ತಾಗಿದ ಅಂಚಿತ್ತು. ಎಲ್ಲಿ ತೊಳೆದೆ ಎಂದು ಅಜ್ಜಿ ಮೆಲ್ಲಗೆ ಕೇಳಿದಳು. ಆ ತಿರುವಿನ ಮೇಲೆಯೇ ಹಳೆಯ ರುದ್ರಭೂಮಿ. ಹೂಳುವ ಮುಂಚೆ ಸತ್ತವರ ಬಾಯಿಗೆ ಚೂರು ಚಿನ್ನ ಇಡುವ ಪದ್ಧತಿ ನಿಮ್ಮದು, ನಮ್ಮದೂ. ಹೋದ ಮಳೆಗೆ ಅಲ್ಲಿ ದಂಡೆ ಕುಸಿದಿತ್ತು.

ಮರುದಿನ ಕೈ ಎತ್ತಿ ತೀರ್ಮಾನಿಸುವ ಹೊತ್ತಿಗೆ ಎದ್ದು ನಿಂತೆ. ನಾಲ್ಕು ಜನರ ಮುಂದೆ ಹೆಸರು ಹೇಳಲೂ ನನಗೆ ಆಗುವುದಿಲ್ಲ.

"ಅದು ಗುಡ್ಡದ್ದಲ್ಲ. ನಮ್ಮ ಹಿರ್ಯಾರ ಬಾಯಾಗಿಂದು. ತಪ್ಪು ನಂದು" ಎಂದೆ.

ಯಾರೂ ಕೈ ಎತ್ತಲಿಲ್ಲ. ಕೆರೆ ಉಳಿಯಿತು. ಪಂಪಣ್ಣ ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ನೆರಳುಗಳು ಮಾತ್ರ, ಸುದ್ದಿ ಮುಟ್ಟದ ಊರುಗಳಲ್ಲಿ ಪಾಲು ಮಾರಬಹುದೆಂದು ಮತ್ತೆ ಬೆಲೆ ಕೂಗತೊಡಗಿದವು. ಅಜ್ಜಿಯೂ ನಾನೂ ಆ ಚೂರುಗಳನ್ನು ದಂಡೆಯ ಮಣ್ಣಿಗೆ ಒತ್ತಿ ಬಂದೆವು.

ಹಿರಿಯರೇ, ಅದರಲ್ಲಿ ಒಂದು ನಿಮ್ಮದೇ ಇರಬಹುದು. ಅದನ್ನು ಊರ ಮುಂದೆ ಗುಡ್ಡದ ಬೆಲೆಯಾಗಿ ಇಟ್ಟವಳು ನಾನು, ಕ್ಷಮಿಸಿ. ನಿಮ್ಮ ಕಾಲದಲ್ಲೂ ಯಾರಾದರೂ ಹಿಡಿ ಮರಳು ತೋರಿಸಿ ಗುಡ್ಡದ ಬೆಲೆ ಹೇಳಿದರೆ, ಆ ಮರಳು ತೊಳೆದವರನ್ನು ಕರೆಸಿ, ಎಲ್ಲಿ ತೊಳೆದಿರಿ ಎಂದು ಒಂದು ಮಾತು ಕೇಳಿ. ಅಷ್ಟು ವಾದದಲ್ಲಿ ನನ್ನನ್ನು ಯಾರೂ ಅದನ್ನು ಕೇಳಲಿಲ್ಲ. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ.

ಜಾಲಗಾರರ ಮನೆಯ ನೀಲವ್ವ