ಕೊನೆಯ ತುಂಡು

ಭಾವ,

ನಿಮ್ಮ ಹೆಬ್ಬೆರಳಿಗೆ ಹೊಲಿಗೆ ಹಾಕಿದ್ದಾರೆಂದು ಪುಟ್ಟಿ ಫೋನಿನಲ್ಲಿ ಹೇಳಿದಳು. ನೀವಂತೂ ಬಾಯಿ ಬಿಡುವವರಲ್ಲ. ಅಕ್ಕನ ತರಕಾರಿ ಹೆಚ್ಚುವ ಸ್ಲೈಸರನ್ನು ಕಸಕ್ಕೆ ಹಾಕುತ್ತೇನೆಂದು ಕೂಗಾಡಿದಿರಂತೆ. ದಯವಿಟ್ಟು ಹಾಕಬೇಡಿ. ಅಡುಗೆಮನೆಯ ಅಷ್ಟು ಸಾಮಾನಿನಲ್ಲಿ ಅವಳು ನನಗೂ ಮುಟ್ಟಲು ಬಿಡದಿದ್ದದ್ದು ಅದೊಂದೇ.

ತರಕಾರಿಯನ್ನು ಚುಚ್ಚಿ ಹಿಡಿಯುವ ಪ್ಲಾಸ್ಟಿಕ್ ಹಿಡಿಕೆಯೊಂದು ಅದರ ಜೊತೆಗೇ ಬಂದಿತ್ತು. ಒಲೆಯ ಪಕ್ಕದ ಡ್ರಾಯರಿನಲ್ಲಿ, ಸೌಟುಗಳ ಹಿಂದೆ ಹುಡುಕಿ. ಅದಿಲ್ಲದೆ ಬ್ಲೇಡಿನ ಹತ್ತಿರ ಕೈ ಒಯ್ಯಬೇಡಿ. ಸ್ಲೈಸರ್ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ತೊಳೆಯುವಾಗ ಬ್ರಷ್ ಹಿಡಿಯಿರಿ, ಬೆರಳಾಡಿಸಬೇಡಿ. ಆಮೇಲೆ ಪುಟ್ಟಿಗೆ ಎಟುಕದ ಕಡೆ ಎತ್ತಿಡಿ.

ಇನ್ನೊಂದು ಮಾತು. ಸೌತೆಕಾಯಿ ಹೆಬ್ಬೆರಳಿನಷ್ಟು ಉಳಿದಾಗ ನಿಲ್ಲಿಸಿಬಿಡಿ. ಪೂರ್ತಿ ಮುಗಿಸಿಯೇ ತೀರುತ್ತೇನೆಂಬ ಹಟ ಬೇಡ, ನಿಮ್ಮ ಬೆರಳು ಸಿಕ್ಕಿಕೊಂಡದ್ದು ಅಲ್ಲೇ. ಅಕ್ಕ ಆ ತುಂಡಿಗೆ ಉಪ್ಪು ಹಚ್ಚಿಕೊಂಡು ಅಲ್ಲೇ ನಿಂತು ತಿನ್ನುತ್ತಿದ್ದಳು. ನೀವು ಆ ಹೊತ್ತಿಗೆ ಹೊರಗೆ ತಟ್ಟೆಯ ಮುಂದೆ ಕೂತಿರುತ್ತಿದ್ದಿರಿ, ನೋಡಿರಲಿಕ್ಕಿಲ್ಲ. ಪುಟ್ಟಿ ನೋಡಿದ್ದಾಳೆ.

ಅವಳು ಫೋನ್ ಮಾಡಿದ್ದು ನಿಮ್ಮ ಗಾಯದ ಸುದ್ದಿ ಹೇಳುವುದಕ್ಕಲ್ಲ, ದೂರು ಹೇಳುವುದಕ್ಕೆ. "ಚಿಕ್ಕಮ್ಮಾ, ಅಮ್ಮನ ತುಂಡು ಉಳಿಸಪ್ಪಾ ಅಂತ ದಿನಾ ಹೇಳ್ತೀನಿ. ಅಪ್ಪ ಕೇಳೋದೇ ಇಲ್ಲ, ಅದನ್ನೂ ಕತ್ತರಿಸಿಬಿಡ್ತಾರೆ."

ಅಕ್ಕ ಹೋದಮೇಲೆ ನೀವು ಒಬ್ಬರೇ ಒಲೆ ಮುಂದೆ ನಿಂತು ಏಗುತ್ತಿದ್ದೀರೆಂದು ನನಗೆ ಗೊತ್ತು. ಆದರೂ ಅದೊಂದು ತುಂಡು ಉಳಿಸಿ, ಭಾವ. ಉಪ್ಪು ಹಚ್ಚಿ ನೀವೇ ತಿನ್ನಿ. ಪುಟ್ಟಿ ನೋಡುವಂತೆ ತಿನ್ನಿ.

ಹೊಲಿಗೆಗೆ ನೀರು ತಾಗಿಸಬೇಡಿ.

ನಿಮ್ಮ ನಾದಿನಿ