ಕ್ಯಾರಿಯರ್ ಮೇಲೆ ಯಾರು?

1980 ಫೆಬ್ರವರಿ 10, ಭಾನುವಾರ

ಚೈನಿಗೆ ಎಣ್ಣೆ ಬಿಟ್ಟೆ. ಹಿಂದಿನ ಚಕ್ರಕ್ಕೆ ಗಾಳಿ ಹೊಡೆದೆ. ಮಾಧವಿ ಕೂರುವ ಕಡೆ ಗಾಳಿ ಗಟ್ಟಿಯಾಗಿರಬೇಕು. ಮದುವೆಯಾದಾಗಿನಿಂದ ಭಾನುವಾರದ ಕೆಲಸ ಇದೇ. ಹಾಗಂತ ಅವಳೇನು ಭಾರ ಅಲ್ಲ. ನಾಲ್ಕು ಹೆಜ್ಜೆ ಓಡಿಬಂದು ಕ್ಯಾರಿಯರ್ ಮೇಲೆ ಕೂತರೆ ಹ್ಯಾಂಡಲ್ ಅಲ್ಲಾಡೋದಿಲ್ಲ. ಮುಳಬಾಗಿಲಲ್ಲಿ ಹೀಗೆ ಹತ್ತುವ ಹೆಂಗಸು ಇನ್ನೊಬ್ಬಳಿಲ್ಲ. ಇದ್ದರೆ ತೋರಿಸಲಿ.

ತರಕಾರಿಗೆ ಹೋಗಿ ಬಂದೆವು. ಪೊಲೀಸ್ ಸ್ಟೇಷನ್ನಿಗೆ ಸ್ವಲ್ಪ ಹಿಂದೆ, ಹುಣಸೆಮರದ ಹತ್ತಿರ ಎಂದಿನಂತೆ ಇಳಿದಳು. ಇಬ್ಬರೂ ಏನೂ ಅರಿಯದವರ ಹಾಗೆ ನಡೆದೆವು. ಸ್ಟೇಷನ್ ದಾಟಿತು, ಮತ್ತೆ ಹತ್ತಿದಳು. ಊರಿಗೆ ಊರೇ ಹೀಗೆ. ಹುಣಸೆಮರ ಕಂಡರೆ ಹಿಂದೆ ಕೂತವರು ಇಳಿಯಬೇಕು. ಸೈಕಲ್ ಮೇಲೆ ಡಬಲ್ಸ್ ಕೂತರೆ ಫೈನು. ಅದೇ ಹೊತ್ತಿಗೆ ನಂಗಲಿ ಕಡೆಯಿಂದ ಒಂದು ಅಂಬಾಸಡರ್ ಬಂತು. ಒಳಗೆ ಒಂಬತ್ತು ತಲೆ. ಪೇದೆ ಸಲ್ಯೂಟ್ ಹೊಡೆದ!

ಸಂಜೆ ಹುಸೇನ್ ಸಾಬರ ಸೈಕಲ್ ಶಾಪಿನಲ್ಲಿ ಸೈಕಲ್ ಸವಾರರ ಸಂಘದ ಮೀಟಿಂಗು. ನಾನೇ ಅಧ್ಯಕ್ಷ. ಡ್ರಾಯಿಂಗ್ ಮೇಷ್ಟ್ರಾಗಿರೋದಕ್ಕೆ ಬೋರ್ಡು ಬರೆಯೋನೂ ನಾನೇ— ‘ಕಾರು ಉಳ್ಳವರದು, ರಸ್ತೆ ಎಲ್ಲರದು.’ ಡಬಲ್ಸ್ ಫೈನು ನಿಲ್ಲಿಸಬೇಕು ಅನ್ನೋದು ನಮ್ಮ ಬೇಡಿಕೆ. ಬಡವನಿಗೆ ಕ್ಯಾರಿಯರೇ ಕಾರು ಅಂತ ಭಾಷಣ ಮಾಡಿದೆ. ಏಳು ಜನ ಕೇಳಿದರು.

ಹುಸೇನ್ ಸಾಬರು ಪಂಕ್ಚರ್ ಹಾಕುತ್ತಲೇ ಹೇಳಿದರು, “ನಾವು ಗಂಡಸ್ರು ಎಷ್ಟ್ ಕೂಗಿದ್ರೂ ಯಾರೂ ತಿರುಗಿ ನೋಡಲ್ಲ ಮೇಷ್ಟ್ರೇ. ಒಬ್ಳು ಹೆಣ್ಮಗ್ಳು ಸೈಕಲ್ ಹೊಡ್ಕೊಂಡ್ ಬರ್ಲಿ, ಆಗ ನೋಡಿ ತಮಾಷಾ!”

ಹಾಲಿನ ಮುನಿರಾಮಪ್ಪ ನನ್ನ ಕಡೆ ತಿರುಗಿದ. “ಅಯ್ಯವಾರೂ, ನಮ್ಮ ಮಾಧವಮ್ಮೋರಿಗೇ ಕಲ್ಸಿಬಿಡಿ.”

ಆಗಲಿ ಅಂದೆ. ಮಹಾತ್ಯಾಗಿ ನಾನು.

ಫೆಬ್ರವರಿ 16, ಶನಿವಾರ. ಮಧ್ಯಾಹ್ನ

ಸೂರ್ಯಗ್ರಹಣ. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದೆ. ರಸ್ತೆಯಲ್ಲಿ ನಾಯಿಯೂ ಇಲ್ಲ. ಸೈಕಲ್ ಕಲಿಸೋದಕ್ಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗೋದಿಲ್ಲ— ಬಿದ್ದರೂ ನೋಡೋರಿಲ್ಲ.

“ಗ್ರಹಣದಲ್ಲಿ ಹೊರಗೆ ಹೋಗ್ಬಾರ್ದು ರೀ...”

“ತಲೆ ಬಗ್ಗಿಸ್ಕೊಂಡು ನಡಿಯೇ. ಸೂರ್ಯ ನೋಡ್ಬೇಡ, ರಸ್ತೆ ನೋಡು.”

ಹುಸೇನ್ ಸಾಬರ ಹಳೆ ಲೇಡೀಸ್ ಸೈಕಲ್. ಸೀರೆ ಸೆರಗು ಸೊಂಟಕ್ಕೆ ಬಿಗಿದಳು. ಮಬ್ಬು ಬೆಳಕು. ನಾನು ಹಿಂದೆ ಸೀಟು ಹಿಡಿದು ಓಡಿದೆ. ಮೂರು ಸಲ ಬಿದ್ದಳು, ಮೊಣಕೈ ತರಚಿತು. ನಗ್ತಾಳೆ! ಸ್ಕೂಲಿನ ಗೋಡೆವರೆಗೆ ಹೋದ ಮೇಲೆ ನೋಡ್ತೀನಿ, ಸೀಟು ನನ್ನ ಕೈಯಲ್ಲಿಲ್ಲ. ಅವಳೊಬ್ಬಳೇ ಹೋಗ್ತಿದ್ದಾಳೆ. ಕಣ್ಣು ತುಂಬಿ ಬಂತು. ಬಂದದ್ದು ಸಂತೋಷಕ್ಕೇ.

ಫೆಬ್ರವರಿ 24, ಭಾನುವಾರ

ಬಜಾರಿನಲ್ಲಿ ಸವಾರಿ. ನಾನು ಮುಂದೆ ಬೋರ್ಡು ಹಿಡಿದು, ಅವಳು ಹಿಂದೆ ಸೈಕಲ್ ಮೇಲೆ. ಅಂಗಡಿಯವರೆಲ್ಲ ಎದ್ದು ನಿಂತರು. ಕಲಿಸಿದ್ದು ಯಾರು ಅಂತ ನಾಲ್ಕು ಜನ ಕೇಳಿದರು. ಹೇಳಿದೆ.

ರಾತ್ರಿ ಹೋಳಿಗೆ ಮಾಡಿದ್ದಳು. ಎರಡು ಹೆಚ್ಚಿಗೇ ತಿಂದೆ.

ಮಾರ್ಚ್ 5, ಬುಧವಾರ

ಸಂಕಷ್ಟಿ. ಸಂಕಷ್ಟಿಗೆ ಇಬ್ಬರೂ ಡಬಲ್ಸ್‌ನಲ್ಲಿ ಕುರುಡುಮಲೆ ಗಣಪನ ಹತ್ತಿರ ಹೋಗೋದು ಮದುವೆಯಾದ ವರ್ಷದಿಂದ ನಡೆದು ಬಂದದ್ದು. ಸ್ಕೂಲ್ ಬಿಟ್ಟ ಕೂಡಲೇ ಓಡಿಬಂದೆ. ಮನೆಗೆ ಬೀಗ.

ಪಕ್ಕದ ಮನೆ ಭಾರತಮ್ಮನವರು ಬೀಗದಕೈ ಕೊಟ್ಟರು. “ಆಗ್ಲೇ ಹೋದ್ಲಪ್ಪಾ. ಇನ್ನೂ ಇಬ್ರು ಹೆಂಗಸ್ರನ್ನ ಕರ್ಕೊಂಡು. ಜುಮ್ ಅಂತ ಹೋದ್ರು ನೋಡು!”

ಜಗಲಿ ಮೇಲೆ ಕೂತೆ. ಕತ್ತಲಾಗೋ ಹೊತ್ತಿಗೆ ಬಂದಳು. ಮುಖ ಕೆಂಪಗಾಗಿತ್ತು.

“ರೀ, ಗಾಳಿ ಎಷ್ಟು ಚೆನ್ನಾಗಿ ಬರತ್ತೆ ಮುಖಕ್ಕೆ! ಹಿಂದೆ ಕೂತಾಗ ಗೊತ್ತೇ ಆಗ್ತಿರ್ಲಿಲ್ಲ. ನಿಮ್ಮ ಬೆನ್ನು ಅಡ್ಡ.”

ನನ್ನ ಬೆನ್ನು ಅಡ್ಡವಾಗಿತ್ತಂತೆ. ಇಷ್ಟು ವರ್ಷ.

ಪ್ರಸಾದ ಕೊಟ್ಟಳು. ತಿಂದೆ. ರುಚಿ ಗೊತ್ತಾಗಲಿಲ್ಲ.

ಮಾರ್ಚ್ 12

ಕೋಲಾರದ ವಾರಪತ್ರಿಕೆಯಲ್ಲಿ ನಮ್ಮ ಸಂಘದ ಸುದ್ದಿ. ಬರೆದೋರ ಕೈ ಮುರಿಯ. ‘ಶ್ರೀಮತಿ ಮಾಧವಿಯವರ ಸೈಕಲ್ ಚಳವಳಿ’ ಅಂತೆ. ಕೊನೆಯ ಸಾಲು— ‘ಅವರ ಪತಿಯೂ ಉಪಸ್ಥಿತರಿದ್ದರು.’

ಪತಿಯೂ. ಆ ‘ಊ’ ನೋಡಿ!

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅದೇ ನಗು. ಸಂಜೆ ಮೀಟಿಂಗಿಗೆ ಜನವೋ ಜನ, ಶಾಪಿನೊಳಗೆ ಜಾಗವಿಲ್ಲ. ಬಾಯಿ ತೆಗೆದರೆ “ಮಾಧವಮ್ಮೋರು ಏನಂತಾರೆ?” ಹುಸೇನ್ ಸಾಬರ ಮಗಳು ತಾಜುನ್ನೀಸಾ ಅವಳ ಹತ್ತಿರ ಸೈಕಲ್ ಕಲೀತಿದ್ದಾಳೆ, ಇನ್ನೂ ಆರೇಳು ಮನೆಯವರು ಸೇರಿದ್ದಾರೆ. ಬ್ರೇಕು ಯಾವಾಗ ಹಿಡೀಬೇಕು ಅಂತ ಮಾಧವಿ ನನಗೇ ಹೇಳಿದಳು, ಎಲ್ಲರೆದುರು. ಗುರುವಿಗೇ ತಿರುಮಂತ್ರ.

ಹೌದು, ಹೊಟ್ಟೆಕಿಚ್ಚು. ಬರೆದೇ ಬಿಡ್ತೀನಿ, ಯಾರು ಓದ್ತಾರೆ. ತಾಳಿ ಕಟ್ಟಿದ ಹೆಂಡತಿ ಮೇಲೆ ಹೊಟ್ಟೆಕಿಚ್ಚು. ಸಂಘ ನಂದು. ಬೋರ್ಡು ನಂದು. ಕಲಿಸಿದೋನು ನಾನು. ಅವತ್ತು ಗ್ರಹಣ ಹಿಡಿದದ್ದು ಸೂರ್ಯನಿಗಲ್ಲ, ನನಗೆ.

ಇನ್ನೊಂದು. ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಈಗ ಡ್ರಾಯಿಂಗ್ ಹಾಳೆ ಸುರುಳಿ ಬಿಟ್ಟರೆ ಏನೂ ಕೂರೋದಿಲ್ಲ. ಸ್ಟೇಷನ್ ಮುಂದೆ ಸೀದಾ ಹೋಗ್ತೀನಿ, ಇಳಿಯೋ ಕೆಲಸವಿಲ್ಲ. ಹಿಂದೆ ಏನೂ ಇಲ್ಲದೆ ಸೈಕಲ್ ಹಗುರ. ಹಗುರ ಇದ್ದರೆ ತುಳಿಯೋಕೆ ಸುಲಭ ಅಂತಾರೆ. ಸುಳ್ಳು.

ಮಾರ್ಚ್ 16, ಭಾನುವಾರ

ಅವಳು ತಾಯಲೂರಿಗೆ ಹೋಗಬೇಕಿತ್ತು. ಅಲ್ಲಿನ ಹೆಂಗಸರಿಗೆ ಸೈಕಲ್ ತೋರಿಸಿ, ಊರಲ್ಲೊಂದು ಸಂಘ ಮಾಡಿಸೋದಕ್ಕೆ. ನನ್ನನ್ನು ಕರೆದಳು. ತಲೆನೋವು ಅಂದೆ.

ಅವಳು ಸ್ನಾನಕ್ಕೆ ಹೋದಾಗ ಅವಳ ಸೈಕಲ್ಲಿನ ವಾಲ್ ಟ್ಯೂಬ್ ಕಿತ್ತೆ. ಎರಡೂ ಚಕ್ರದ್ದು. ಜೇಬಿಗೆ ಹಾಕಿಕೊಂಡೆ. ಗಾಳಿ ಬುಸ್ ಅಂತು, ಅದಕ್ಕೂ ಹೆದರಿಕೊಂಡೆ.

ಹೊರಗೆ ಬಂದಳು. ನೋಡಿದಳು. ಅಳ್ತಾಳೆ, ನನ್ನ ಹತ್ತಿರ ಬರ್ತಾಳೆ, ನಾನು ಸರಿ ಮಾಡಿಕೊಡ್ತೀನಿ, ನನ್ನ ಜೊತೆ ಡಬಲ್ಸ್‌ನಲ್ಲಿ ಹೋಗೋಣ ಅಂತೀನಿ— ಇಷ್ಟೂ ಲೆಕ್ಕ ಹಾಕಿದ್ದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೇ ಬಿಟ್ಟಳು. ಬಸ್ಸಿನ ಜನಕ್ಕೆಲ್ಲ ಭಾಷಣ ಮಾಡಿದಳಂತೆ. ತಾಯಲೂರಿನಲ್ಲಿ ಬಾಡಿಗೆ ಸೈಕಲ್ ತಗೊಂಡು ಊರು ಸುತ್ತಿದಳಂತೆ. ಇಪ್ಪತ್ತು ಹೆಸರು ಬರೆಸಿಕೊಂಡು ಬಂದಿದ್ದಾಳೆ.

ತಲೆನೋವು ಈಗ ನಿಜವಾಗಿ ಬಂದಿದೆ.

ಮಾರ್ಚ್ 18

ಬಟ್ಟೆ ಒಗೆಯುತ್ತಾ ಕೂತಿದ್ದಳು. ಒದ್ದೆ ಕೈಯಲ್ಲೇ ಬಂದು ಮೇಜಿನ ಮೇಲೆ ಎರಡು ವಾಲ್ ಟ್ಯೂಬ್ ಇಟ್ಟಳು.

“ನಿಮ್ಮ ಜುಬ್ಬದ ಜೇಬಲ್ಲಿತ್ತು.”

ಅಷ್ಟೇ. ಮತ್ತೆ ಒಗೆಯೋಕೆ ಹೋದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮಾರ್ಚ್ 23, ಭಾನುವಾರ

ಈ ನಡುವೆ ಬರೆಯಲಿಲ್ಲ. ಮನೆಯಲ್ಲಿ ಊಟ, ತಿಂಡಿ, ನೀರು— ಇಷ್ಟೇ ಮಾತು.

ಇವತ್ತಿನ ಮೀಟಿಂಗಿನಲ್ಲಿ ತೀರ್ಮಾನ. ಬರುವ ಭಾನುವಾರ ಊರೆಲ್ಲ ಡಬಲ್ಸ್‌ನಲ್ಲಿ ಸ್ಟೇಷನ್ ಮುಂದೆ ಹೋಗೋದು. ಹುಣಸೆಮರದ ಹತ್ತಿರ ಯಾರೂ ಇಳಿಯೋ ಹಾಗಿಲ್ಲ. ಫೈನು ಹಾಕಿದರೆ ಹಾಕಲಿ, ಎಷ್ಟು ಜನಕ್ಕೆ ಹಾಕ್ತಾರೆ?

ಇಲ್ಲೀವರೆಗೆ ನನ್ನದೇ ಯೋಚನೆ. ಆಮೇಲೆ ಮಾಧವಿ ಎದ್ದು ನಿಂತಳು.

“ಮುಂದೆ ನಾವು ಹೆಂಗಸ್ರು ತುಳೀತೀವಿ. ಗಂಡಸ್ರು ಹಿಂದೆ ಕೂತ್ಕೊಳ್ಳಿ. ಹೆಂಗಸ್ರ ಸೈಕಲ್ ಹಿಡಿದು ಎಳೆಯೋಕೆ ಪೇದೆಗಳಿಗೂ ಸಂಕೋಚ ಆಗತ್ತೆ.”

ಮುನಿರಾಮಪ್ಪ ಬಿದ್ದು ಬಿದ್ದು ನಕ್ಕ. “ನಾನ್ ರೆಡಿ ಅಮ್ಮಾ! ಹಾಲಿನ್ ಕ್ಯಾನ್ ಥರ ಕೂತ್ಕೊಂತೀನಿ, ನಮ್ಮೋಳು ತುಳೀಲಿ!” ಎಲ್ಲರೂ ಒಪ್ಪಿದರು. ಅಧ್ಯಕ್ಷರು? ಅಧ್ಯಕ್ಷರು ನೋಡೋಣ ಅಂದರು.

ದಾರಿಯಲ್ಲಿ ಕೇಳಿದೆ, “ನಾನು ಕೂರಲ್ಲ ಅಂದ್ರೆ?”

“ಭಾರತಮ್ಮನವರು ಕೂರ್ತೀನಿ ಅಂದಿದಾರೆ. ಬಲವಂತ ಇಲ್ಲ.”

ಭಾರತಮ್ಮ! ಎಂಬತ್ತು ಕೇಜಿ. ಆ ಕ್ಯಾರಿಯರ್ ನಟ್ಟು ಬಿಗಿದದ್ದು ನಾನು.

ಮಾರ್ಚ್ 25

ಡ್ರಾಯಿಂಗ್ ಮೇಷ್ಟ್ರು ಹೆಂಡತಿ ಹಿಂದೆ ಕೂತು ಮೆರವಣಿಗೆ ಹೋಗೋದು. ಹುಡುಗರು ಬೋರ್ಡಿನ ಮೇಲೆ ಚಿತ್ರ ಬರೀತಾರೆ, ಅದೂ ನಾನು ಕಲಿಸಿದ ಕೈಯಿಂದಲೇ. ಆಗೋದಿಲ್ಲ.

ಜಗಲಿ ಮೇಲೆ ಭಾರತಮ್ಮನವರು ಕ್ಯಾರಿಯರ್‌ಗೆ ದಿಂಬು ಹೊಲೀತಿದ್ದಾರೆ. ಹಸಿರು ಬಟ್ಟೆ. ಮಾಧವಿ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಡ್ತಿದ್ದಾಳೆ. ಏನು ಮಾತು, ಏನು ನಗು. ನನ್ನ ಜೊತೆ ನಕ್ಕು ವಾರವಾಯಿತು.

ಮಾರ್ಚ್ 27, ಬೆಳಿಗ್ಗೆ

“ನಾನೇ ಕೂರ್ತೀನಿ” ಅಂದೆ. ನಿನ್ನೆ ಸಂಜೆ ಕಾಫಿ ಕುಡೀತಾ ಅಂದೆ, ದೊಡ್ಡ ವಿಷಯ ಅಲ್ಲ ಅನ್ನೋ ಹಾಗೆ.

“ಹತ್ತೋಕೆ ಬರತ್ತಾ?” ಅಂದಳು.

ಬರೋದಿಲ್ಲ! ಇವತ್ತು ಬೆಳಕು ಹರಿಯೋ ಮುಂಚೆ ಸ್ಕೂಲ್ ಗೋಡೆ ಹತ್ತಿರ ಹೋಗಿದ್ದೆವು. ಅವಳು ತುಳಿದಳು, ನಾನು ಓಡಿದೆ, ಎಗರಿದೆ, ಬಿದ್ದೆ. ಮತ್ತೆ. ಮತ್ತೆ. ಕೂತರೆ ಸೈಕಲ್ ಆ ಕಡೆ ಈ ಕಡೆ ಹೊಯ್ದಾಡತ್ತೆ. “ಅವಸರ ಮಾಡ್ಬೇಡಿ. ನನ್ನ ನಂಬಿ ಹಗುರವಾಗಿ ಕೂತ್ಕೊಳ್ಳಿ” ಅಂದಳು. ಇಷ್ಟು ವರ್ಷ ಅವಳು ಹೀಗೇ ಹತ್ತಿದ್ದು. ಒಂದು ದಿನ ಕೇಳಲಿಲ್ಲ ನಾನು, ಹೇಗೆ ಹತ್ತುತ್ತೀಯ ಅಂತ.

ಹಿಂದೆ ಕೂತರೆ ಕಾಣೋದು ಬೆನ್ನು ಮಾತ್ರ. ರವಿಕೆಯ ಹೊಲಿಗೆ ಒಂದು ಕಡೆ ಬಿಟ್ಟಿದೆ. ಅದನ್ನೂ ಇವತ್ತೇ ನೋಡಿದ್ದು.

ಮಾರ್ಚ್ 30, ಭಾನುವಾರ. ಸಂಜೆ

ಬೆಳಿಗ್ಗೆ ಹುಸೇನ್ ಸಾಬರ ಶಾಪಿನಿಂದ ಹೊರಟೆವು. ಎಷ್ಟು ಸೈಕಲ್ಲೋ, ರಸ್ತೆ ತುಂಬಾ. ತಾಯಲೂರಿನಿಂದಲೂ ಬಂದಿದ್ದರು. ನಮ್ಮದೇ ಮುಂದಿನ ಸೈಕಲ್. ಓಡಿದೆ, ಕೂತೆ, ಸ್ವಲ್ಪ ಹೊಯ್ದಾಡಿತು, ನಿಂತಿತು. ಜನ ಚಪ್ಪಾಳೆ ಹೊಡೆದರು. ಎಲ್ಲರೂ ಅವಳನ್ನೇ ನೋಡ್ತಿದ್ದರು. ನನಗೆ ಉರೀತು. ಸುಳ್ಳು ಯಾಕೆ, ಅಲ್ಲೂ ಉರೀತು.

ಹುಣಸೆಮರ ಬಂತು.

ನಾನು ಇಳಿದೆ.

ಬೇಕಂತ ಅಲ್ಲ. ದೇವರಾಣೆ. ವರ್ಷಗಟ್ಟಲೆ ಆ ಮರ ಕಂಡರೆ ಇಳಿಯೋದು, ಇಳಿಸೋದು. ಕಾಲು ತಾನಾಗೇ ನೆಲಕ್ಕೆ ಬಂತು. ಊರಿಗೆಲ್ಲ ಇಳೀಬೇಡಿ ಅಂತ ಬೋರ್ಡು ಬರೆದವನು, ಸ್ಟೇಷನ್ ಮುಂದೆ ಕೈಕಟ್ಟಿಕೊಂಡು ನಡೀತಿದ್ದೀನಿ! ಮೆಟ್ಟಿಲ ಮೇಲೆ ಸಬ್ ಇನ್ಸ್‌ಪೆಕ್ಟರು. ಪೇದೆಗಳು ಕಿಸಕ್ಕಂತ ನಕ್ಕರು. ಹಿಂದಿನ ಸೈಕಲ್ಲುಗಳೆಲ್ಲ ಗಕ್ಕನೆ ನಿಂತವು. ನಾನು ಇಳಿದರೆ ಎಲ್ಲರೂ ಇಳೀತಾರೆ. ಮುಗೀತು ಚಳವಳಿ.

ಮಾಧವಿ ಹೋಗಿಬಿಡಬಹುದಿತ್ತು. ಒಬ್ಬಳೇ ಇದ್ದರೆ ಫೈನಿಲ್ಲ. ಸರಿಯಾಗಿ ಸ್ಟೇಷನ್ ಬಾಗಿಲ ಎದುರಿಗೆ ನಿಧಾನ ಮಾಡಿದಳು. ತಿರುಗಿ ನೋಡಲಿಲ್ಲ. ಬೆಲ್ ಮಾತ್ರ ಹೊಡೆದಳು, ಎರಡು ಸಲ. ಮನೆ ಮುಂದೆ ನಿಂತು ಅವಳನ್ನು ಕರೆಯೋಕೆ ನಾನು ಹೊಡೀತಿದ್ದ ಹಾಗೇ.

ನಾಲ್ಕು ಹೆಜ್ಜೆ ಓಡಿದೆ. ಕೂತೆ.

ಹ್ಯಾಂಡಲ್ ಅಲ್ಲಾಡಲಿಲ್ಲ.

ಹಿಂದೆ ಒಬ್ಬರೂ ಇಳಿಯಲಿಲ್ಲ. ಎಲ್ಲ ಸೈಕಲ್ಲೂ ಸ್ಟೇಷನ್ ದಾಟಿದವು. ಮುಂದಿದ್ದ ನಮ್ಮ ಸೈಕಲ್ ಒಂದನ್ನೇ ಪೇದೆಗಳು ಹಿಡಿದು ನಿಲ್ಲಿಸಿದರು. ಸಬ್ ಇನ್ಸ್‌ಪೆಕ್ಟರು ಫೈನಿನ ಚೀಟಿ ಪುಸ್ತಕ ತೆಗೆದು ಕೇಳಿದರು, “ಸವಾರರ ಹೆಸರು?”

“ಮಾಧವಿ.”

ಬರೆದುಕೊಂಡು ಹರಿಯೋಕೆ ಹೋದರು.

“ಸಾರ್, ಹಿಂದೆ ಕೂತವರ ಹೆಸರು?” ಅಂದೆ.

“ಅದು ಬೇಕಿಲ್ಲ.”

“ಬೇಕು ಸಾರ್, ಬರೀರಿ. ನಾನೂ ಇದ್ದೆ.”

ಮಾಧವಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹನ್ನೆರಡು ದಿನದ ಮೇಲೆ. ಅವರು ಬರೆಯಲಿಲ್ಲ. ಚೀಟಿ ಈಗ ದೇವರ ಗೂಡಿನಲ್ಲಿದೆ, ಅವಳೊಬ್ಬಳದೇ ಹೆಸರು. ಈಗಲೂ ಒಂಚೂರು ಉರಿ. ಫೈನು ನಿಲ್ಲಿಸ್ತಾರೋ ಇಲ್ಲವೋ ಗೊತ್ತಿಲ್ಲ. ಆದರೆ ಮಧ್ಯಾಹ್ನದಿಂದ ಹುಣಸೆಮರದ ಹತ್ತಿರ ಯಾರೂ ಇಳೀತಿಲ್ಲವಂತೆ, ಮುನಿರಾಮಪ್ಪ ಹೇಳಿ ಹೋದ.

ಕುರುಡುಮಲೆ ಗಣಪನಿಗೆ ಕಾಯಿ ಹರಕೆ ಇದೆ. ಹೊರಗೆ ಬೆಲ್. ಎರಡು ಸಲ.

“ಬರ್ತೀರಾ, ಇಲ್ಲ ಭಾರತಮ್ಮನವರನ್ನ ಕರೀಲಾ?”

ಬಂದೆ ಕಣೇ, ಚಪ್ಪಲಿ ಎಲ್ಲಿ—